ಕೆಳಬೀದಿಯ ನೀರಿನ ಕೀಲಿ

"ಕೀಲಿ ಕಾಣಾಕಿಲ್ಲ!"

ಚನ್ನಯ್ಯನ ಕೂಗು ಕೇಳಿದಾಗ ನಾನು ಹೊಲಿಗೆ ಅಂಗಡಿಯ ಹಲಗೆ ತೆಗೆಯುತ್ತಿದ್ದೆ. ಸೋಮವಾರ, ಬೆಳಗಿನ ಏಳು ಗಂಟೆ. ತಾಳವಾಡಿಯಲ್ಲಿ ಮೇಲ್ಬೀದಿಯೂ ಕೆಳಬೀದಿಯೂ ಕವಲೊಡೆಯುವ ಮೂಲೆಯಲ್ಲಿ ನನ್ನ ಅಂಗಡಿ. ಎದುರಿಗೇ ನೀರಿನ ವಾಲ್ವಿನ ಗುಂಡಿ. ಚನ್ನಯ್ಯ ಪಂಚಾಯ್ತಿಯ ನೀರು ಬಿಡುವವನು. ಗುಂಡಿಯ ಸುತ್ತ ಮೂರು ಸಲ ಸುತ್ತಿ, ಬರಿಗೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತ ನಿಂತಿದ್ದ.

ಕಳುವಾದದ್ದು ಚಿನ್ನವಲ್ಲ. ಮೂರಡಿ ಉದ್ದದ ಕಬ್ಬಿಣದ ಸರಳು, ಮೇಲೊಂದು ಅಡ್ಡಹಿಡಿ, ತುದಿಯಲ್ಲಿ ಚೌಕದ ಬಾಯಿ. ಆದರೆ ಅದಿಲ್ಲದೆ ವಾಲ್ವ್ ತಿರುಗದು. ಎರಡು ವರ್ಷದ ಹಿಂದೆ, ೨೦೦೫ರಲ್ಲಿ, ಬಾವಿಗಳಿಗೆ ಚಪ್ಪಡಿ ಮುಚ್ಚಿ ಪೈಪು ಹಾಕಿದ ಮೇಲೆ ಎರಡು ಬೀದಿಗಳ ದಾಹವೂ ಆ ಸರಳಿನ ಕೈಗೆ ಸಿಕ್ಕಿತ್ತು.

ನನ್ನ ಜಗಲಿಯ ಮೇಲೆ ಕೂತಿದ್ದ ಮಹದೇವಪ್ಪ ನಿಧಾನವಾಗಿ ಎದ್ದ. ಜೀರಹಳ್ಳಿ ಕಾಡಿನಲ್ಲಿ ಮೂವತ್ತು ವರ್ಷ ವಾಚರ್ ಆಗಿದ್ದವನು. ಆನೆಯ ಹೆಜ್ಜೆ ನೋಡಿ ಅದು ಹಾದುಹೋದ ಹೊತ್ತು ಹೇಳುತ್ತಿದ್ದ. ನಿವೃತ್ತಿಯಾದ ಮೇಲೆ ಮಗಳ ಮನೆಗೆ ಬಂದು, ಬೆಳಿಗ್ಗೆಯೆಲ್ಲ ನನ್ನ ಜಗಲಿಯಲ್ಲಿ ಕೂತಿರುತ್ತಿದ್ದ. ಗುಂಡಿಯ ಬಳಿ ಬಗ್ಗಿ ನೆಲ ನೋಡಿದ. ಮುಖ ಹುಳ್ಳಗಾಯಿತು.

"ಥೂ! ಈ ಸಿಮೆಂಟ್ ರಸ್ತೆ ಬಂದ್ಮೇಲ ನೆಲಕ್ಕೂ ಬಾಯಿಲ್ದಂಗಾಯ್ತು ಕಣ ಚಂದ್ರು. ಮಣ್ಣಿದ್ದಿದ್ರ ಕದ್ದೋನು ಕುಂಟ್ನೋ ಅಲ್ವೋ ಅನ್ನೋದ್ನೂ ಏಳ್ಬುಡೋದು." ಆಮೇಲೆ ಚನ್ನಯ್ಯನ ಕಡೆ ತಿರುಗಿದ. "ಎಲ್ಲಿಟ್ಟಿದ್ದೆ?"

"ಇಲ್ಲೇ ಒರಗ್ಸಿದ್ದೆ ಅಣ್ಣ. ಆರೂವರೆಗ ಕೆಳಬೀದಿಗ ನೀರ ಬುಟ್ಟು, ಟೀ ಕುಡ್ಯಾಕ ಓದೆ."

"ಎಷ್ಟೊತ್ತು?"

"ಅರ್ಧ ಗಂಟೆ. ಬಂದು ಅದ್ನ ಕಟ್ಟಿ, ಮೇಲ್ಬೀದಿಗ ಬುಡ್ಬೇಕಿತ್ತು."

"ಕಟ್ಟಿಲ್ಲ ಅಂದ್ರ—ಕೆಳಬೀದಿದು ಇನ್ನೂ ಬುಟ್ಟಂಗೇ ಅದ?"

"ಉಂ. ಮೇಲ್ಬೀದಿದು ಕಟ್ಟಿದಂಗೇ ಅದ."

ಅಷ್ಟರಲ್ಲಿ ಮೇಲ್ಬೀದಿಯ ಶಿವಮಲ್ಲಮ್ಮ ಸೊಂಟದಲ್ಲೊಂದು, ಕೈಯಲ್ಲೊಂದು ಖಾಲಿ ಬಿಂದಿಗೆ ಹಿಡಿದು ಇಳಿದು ಬಂದಳು. ಅವಳ ಮನೆಯಲ್ಲಿ ನಾಲ್ಕು ಎಮ್ಮೆ, ಹನ್ನೊಂದು ಜನ.

"ಏನ್ಲಾ ಚನ್ನಯ್ಯ, ನೀರೆಲ್ಲಿ?"

"ಕೀಲಿಯ ಯಾರೋ ಕದ್ಬುಟ್ರು ಅಕ್ಕಾ."

"ಕದ್ರಾ? ನಿಮ್ಮ ಬೀದಿಗ ನೀರ ಬುಟ್ಟಾದ ಮೇಲೇ ಕದ್ರಾ? ಒಳ್ಳೇ ಸಮಯ ನೋಡ್ಕಂಡು ಬಂದವನ ಕಳ್ಳ!"

ಚನ್ನಯ್ಯನ ಮನೆ ಕೆಳಬೀದಿಯಲ್ಲಿ. ಅವನು ಮತ್ತೆ ಗುಂಡಿಗೆ ಬಗ್ಗಿದ.

ಎರಡು ದಿನ ಕಳೆಯಿತು. ಪೈಪು ರಿಪೇರಿಯವನ ಇಕ್ಕಳ ಗುಂಡಿಯ ಆಳಕ್ಕೆ ಎಟುಕಲಿಲ್ಲ. ಕುಲುಮೆಯಲ್ಲಿ ಬಡಿಸಿ ತಂದ ಸರಳಿನ ಬಾಯಿ ಹಿಡಿಸಲಿಲ್ಲ. ಮೇಲ್ಬೀದಿಯ ಹೆಂಗಸರು ತೋಟದ ಮೋಟಾರುಗಳಿಗೆ ಅಲೆದರು. ಬುಧವಾರ ಪಂಚಾಯ್ತಿ ತಲೈವರು, ಎಂದರೆ ಅಧ್ಯಕ್ಷರು, ಬೈಕಿನಿಂದ ಇಳಿಯದೆಯೇ ಹೇಳಿಹೋದರು: "ಶುಕ್ರವಾರದೊಳಗ ಕೀಲಿ ಬರ್ಬೇಕು ಚನ್ನಯ್ಯ. ಇಲ್ದಿದ್ರ ಬೇರೆ ಆಳ ನೋಡ್ತೀವಿ."

ಅವರಿವರ ಅರಿಶಿನದ ಹೊಲದಲ್ಲಿ ಕೂಲಿ ಮಾಡಿ ಬೆಳೆದ ಚನ್ನಯ್ಯನಿಗೆ ಇದು ಮೊದಲ ಸರ್ಕಾರಿ ಕೆಲಸ. ನಾನು ಹೊಲಿದುಕೊಟ್ಟ ಖಾಕಿ ಅಂಗಿಯನ್ನು ಅವನು ಭಾನುವಾರವೂ ಬಿಚ್ಚುತ್ತಿರಲಿಲ್ಲ. ಅವತ್ತು ಬಿಳಿ ಬನಿಯನ್‌ನಲ್ಲಿ ಬಂದು ನನ್ನ ಜಗಲಿಯ ತುದಿಯಲ್ಲಿ ಕೂತ. "ಅಂಗಿ ಆಕ್ಕೊಳ್ಳಾಕ ನಾಚ್ಕೆ ಆಯ್ತದ ಚಂದ್ರಣ್ಣ" ಎಂದ.

ಮಹದೇವಪ್ಪ ಎಲೆಅಡಿಕೆ ಉಗಿದು ಎದ್ದ. "ಬಾ ಚಂದ್ರು. ವಸಿ ತಿರಿಕ್ಕಂಡು ಬರಾವ."

ಮೊದಲು ಸಿಕ್ಕವನು ಮಣಿ. ಪೈಪು ಬರುವ ಮುಂಚೆ ಎತ್ತಿನ ಗಾಡಿಯಲ್ಲಿ ಪೀಪಾಯಿ ಕಟ್ಟಿ ಬೀದಿಬೀದಿಗೆ ನೀರು ಮಾರುತ್ತಿದ್ದವನು. ಈ ಎರಡು ದಿನ ಮೇಲ್ಬೀದಿಯಲ್ಲಿ ಅವನ ಗಾಡಿ ಮತ್ತೆ ಕಾಣಿಸಿಕೊಂಡಿತ್ತು. ಇವನೇ ಎಂದು ನನಗೆ ಖಾತ್ರಿಯಾಗಿತ್ತು.

"ಸೋಮಾರ ಬೆಳಗ್ಗ ಎಲ್ಲಿದ್ದೆ ಮಣಿ?"

"ದೊಡ್ಡಗಾಜನೂರಲ್ಲಿ. ಅರಿಶ್ನ ಬೇಯ್ಸೋ ಕಡಾಯಿಗ ನೀರ ತುಂಬ್ತಿದ್ದೆ. ಇಪ್ಪತ್ತು ಜನ ನೋಡವರ, ಕೇಳು." ಮಣಿ ಎತ್ತಿನ ಮೈ ಸವರಿದ. "ಅಣ್ಣೋ, ನಾ ನೀರ ನಿಲ್ಲಿಸ್ಬೇಕು ಅಂದ್ರ, ಎರಡೂ ಬೀದಿದೂ ಕಟ್ಟಿರೋ ಹೊತ್ನಲ್ಲಿ ಕದಿಯಾಕಿಲ್ವಾ? ಅರ್ಧ ವ್ಯಾಪಾರಕ್ಕ ಯಾವೋನು ಕಳ್ಳ ಆದಾನು?"

ಮಹದೇವಪ್ಪ ನಿಂತಲ್ಲೇ ನಿಂತ. ಆಮೇಲೆ ನಕ್ಕ. "ನಿಂಗ ಎತ್ತು ಕಟ್ಟೋದ್ಕಿಂತ ವಕೀಲಿ ಆಯ್ತದ ಕಣ್ಲಾ."

ಕೆಳಬೀದಿಗೆ ಇಳಿದೆವು. ನಡು ಮಧ್ಯಾಹ್ನ. ಬೀದಿ ಖಾಲಿ, ಗಂಡಸರು ಹೆಂಗಸರು ಎಲ್ಲ ಏಳು ಗಂಟೆಗೇ ಕೂಲಿಗೆ ಹೋದವರು, ಸಂಜೆ ಆರರವರೆಗೆ ಬರುವವರಲ್ಲ. ಬೀದಿಗೆಲ್ಲ ಒಂದೇ ಕೊಳಾಯಿ. ಅದರ ತಿರುಗಣೆ ಕಿತ್ತುಹೋಗಿ ಎಷ್ಟೋ ಕಾಲವಾಗಿತ್ತು. ನೀರು ಬೆರಳುಗಾತ್ರ ಸುರಿಯುತ್ತಲೇ ಇತ್ತು. ಕೆಳಗೊಂದು ನೀಲಿ ಬಿಂದಿಗೆ, ಮುಕ್ಕಾಲು ತುಂಬಿತ್ತು.

ಮಹದೇವಪ್ಪ ಪಕ್ಕದ ಮೋರಿಯನ್ನು ದಾಟಿದ. ಮತ್ತೆ ಈಚೆಗೆ ದಾಟಿದ. ಅವನ ಚಪ್ಪಲಿಯಿಂದ ಧೂಳೆದ್ದಿತು. ತಲೆಯೆತ್ತಿ ಆಕಾಶ ನೋಡಿದ. ಎರಡು ಬೆಳವನಹಕ್ಕಿ ಬೀದಿಯ ಮೇಲೆ ನೆಟ್ಟಗೆ ಹಾರಿಹೋದವು.

"ಏನಣ್ಣ?"

"ಏನಿಲ್ಲ. ಬಾಯಾರ್ತದ."

ಕೊಳಾಯಿಯಿಂದ ನಾಲ್ಕನೆಯದು ಪರಿಮಳಳ ಮನೆ. ಗಂಡ ಸತ್ತು ಮೂರು ವರ್ಷ. ಚೈತ್ರ ಎಂಬ ಮಗಳು ಶಾಲೆಗೆ ಹೋಗುತ್ತಾಳೆ. ಸರ್ಕಾರದ ಮನೆ ಮಂಜೂರಾಗಿ, ಗೋಡೆ ಎದ್ದು, ಹಿಂದಿನ ಶುಕ್ರವಾರ ತಾರಸಿ ಹಾಕಿದ್ದರು. ಬಾಗಿಲಿಲ್ಲದ ಬಾಗಿಲುವಾಡದಲ್ಲಿ ಅವಳು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ಕೂಲಿಗ ಓಗಿಲ್ವವ್ವಾ?"

"ಮೈಗ ಉಸಾರಿಲ್ಲ ತಾತ. ಮೂರ್ ದಿನದಿಂದ."

"ಒಂದ್ಲೋಟ ನೀರ ಕೊಡು."

ಕುಡಿದು ಲೋಟ ಹಿಂದಿರುಗಿಸುತ್ತ ಮಹದೇವಪ್ಪ ಪಕ್ಕದ ಮನೆಯ ಕಡೆ ಕೈ ತೋರಿಸಿದ. ಅಲ್ಲಿ ಹೊಸ ತಾರಸಿಯ ಮೇಲೆ ಟಾರ್ಪಾಲು ಹೊದಿಸಿ ಕಲ್ಲು ಹೇರಿದ್ದರು. "ಅದ್ಯಾಕ ಅಂಗೆ?"

"ಕರಿಯಮ್ಮನ್ದು ತಾತ. ಓದೊರ್ಸ ಆಕಿದ್ದು. ನೀರ ಸಾಲ್ದೆ ಬಿರುಕು ಬುಟ್ಟು, ಮೊದಲ್ನೇ ಮಳೆಗೇ ಜರಡಿ ಆಯ್ತು." ಅವಳು ದನಿ ತಗ್ಗಿಸಿದಳು. "ಸರ್ಕಾರ ಒಂದೇ ಸಲ ಕೊಡೋದು."

"ನಿನ್ದು ಯಾರು ಆಕಿದ್ದು?"

"ಆಸನೂರು ಮೇಸ್ತ್ರಿ."

ಇನ್ನೇನೂ ಕೇಳದೆ ಅವನು ಹೊರಟುಬಿಟ್ಟ. ನನಗೆ ಕೋಪವೇ ಬಂತು. ಶುಕ್ರವಾರಕ್ಕೆ ಒಂದೇ ದಿನ ಉಳಿದಿದೆ, ಈ ಮನುಷ್ಯ ಮನೆ ಕಟ್ಟುವ ಮಾತಾಡುತ್ತಾನೆ!

ಗುರುವಾರ ಬೆಳಿಗ್ಗೆ ಆರಕ್ಕೇ, ಕೂಲಿಯವರು ಹೊರಡುವ ಮುಂಚೆ, ಮಹದೇವಪ್ಪ ಚನ್ನಯ್ಯನನ್ನೂ ಶಿವಮಲ್ಲಮ್ಮನನ್ನೂ ಕರೆಸಿ ಕೆಳಬೀದಿಗೆ ನಡೆಸಿದ. ಪರಿಮಳಳ ಮನೆಯ ಮುಂದೆ ನಿಂತ.

"ನಾವೆಲ್ಲ ಏನ್ ಕೇಳ್ತಿದ್ವಿ?—ಮೇಲ್ಬೀದಿಗ ಯಾಕ ನೀರಿಲ್ಲ ಅಂತ. ಅದು ತಪ್ಪು ಪ್ರಶ್ನೆ. ಕೆಳಬೀದಿ ನೀರು ಎಲ್ಲಿಗ ಓಯ್ತಾ ಅದ ಅಂತ ಕೇಳ್ಬೇಕಿತ್ತು."

"ಎಲ್ಲಿಗೋದದು? ಮೋರಿಗ!" ಎಂದಳು ಶಿವಮಲ್ಲಮ್ಮ.

"ನೋಡವ್ವ ಮೋರಿಯ."

ಎಲ್ಲರೂ ನೋಡಿದರು. ಮೋರಿಯಲ್ಲಿ ಒಣಗಿದ ಎಲೆ, ಧೂಳು.

"ಮೂರ್ ದಿನದಿಂದ ಅಗಲು ರಾತ್ರಿ ನೀರ ಸುರೀತದ. ಮಧ್ಯಾಹ್ನ ಬೀದೀಲಿ ನರಪಿಳ್ಳೆ ಇಲ್ಲ. ಆದ್ರೂ ಮೋರಿ ಒಣಗದ. ಅಂದ್ರ ಯಾರೋ ಒಬ್ರು ಒಂದ್ ಅನಿ ಬುಡ್ದಂಗ ಒತ್ತವ್ರ. ಮನೆ ಪಾತ್ರೆ ಎಷ್ಟು ಇಡ್ದಾತು? ನಾಕ್ ಬಿಂದಿಗೆ. ಮಿಕ್ಕಿದ್ದೆಲ್ಲಿ?" ಅವನು ಬೆರಳು ಮೇಲಕ್ಕೆತ್ತಿದ. "ಬೇಸಿಗೇಲಿ ಕಾಡ್ನಲ್ಲಿ ನೀರ ಉಡುಕ್ಬೇಕಾದ್ರ ನಾವು ನೆಲ ನೋಡಾಕಿಲ್ಲ. ಬೆಳವ ಎತ್ಲಾಗ ನೆಟ್ಟಗ ಆರ್ತದ, ಅತ್ಲಾಗ ಓಯ್ತೀವಿ. ನೆನ್ನೆ ಸಂಜೆಗಂಟ ಕೂತು ನೋಡ್ದೆ. ಊರ ಬೆಳವ ಎಲ್ಲಾ ಇಳಿಯೋದು ಒಂದೇ ತಾರಸಿ ಮೇಲೆ. ಅಸಿ ತಾರಸಿ ಅಂತ ಯಾರೂ ಅತ್ತಾಕಿಲ್ಲ—ಒಂದು ಕೀಲಿ ಬಚ್ಚಿಡಾಕ ಅದ್ಕಿಂತ ಜಾಗ ಬೇಕಾ?" ಅವನ ದನಿ ಮೆತ್ತಗಾಯಿತು. "ಪರಿಮಳಾ, ತಂದ್ಬುಡವ್ವ."

ಚನ್ನಯ್ಯ ನಂಬಲಿಲ್ಲ. "ಪರಿಮಳನಾ?"

ಅವಳು ಗೋಡೆಗೆ ಒರಗಿಸಿದ್ದ ಏಣಿ ಹತ್ತಿದಳು. ನೀರಿನಲ್ಲಿ ಕೈ ಅದ್ದಿದ ಸದ್ದು. ಕೆಂಪು ತುಕ್ಕು ತೊಟ್ಟಿಕ್ಕುವ ಸರಳನ್ನು ಹಿಡಿದು ಇಳಿದಳು.

"ನಂದೇ ತಪ್ಪು. ನೀರ ಬರೋದು ಅರ್ಧ ಗಂಟೆ, ಆಗಲೇ ಕೂಲಿಗ ಓಡ್ಬೇಕು. ಅತ್ತು ದಿನ ತಾರಸಿ ಮೇಲ ನೀರ ಒಣಗ್ಬಾರ್ದು ಅಂದ ಮೇಸ್ತ್ರಿ. ಅತ್ತು ದಿನ ಆದ್ಮೇಲ ಗುಂಡೀ ತಾವ್ಕೇ ತಂದು ಮಡಗಾವ ಅಂದ್ಕಂಡಿದ್ದೆ."

"ನಾ ಕೇಳಿದ್ರ ಬುಡ್ತಿರ್ನಿಲ್ವ? ನನ್ ಕೆಲ್ಸ ಓಯ್ತಿತ್ತಲ್ಲವ್ವಾ!" ಎಂದ ಚನ್ನಯ್ಯ.

"ಅದು ಗೊತ್ತಿರ್ಲಿಲ್ಲ ಅಣ್ಣ. ನೆನ್ನೆ ಸಂಜೆ ಗೊತ್ತಾಯ್ತು. ಆಮೇಲ ತಂದ್ಕೊಡಾಕ ಮೊಕ ಬರ್ಲಿಲ್ಲ."

ಶಿವಮಲ್ಲಮ್ಮ ಸೆರಗು ಬಿಗಿದಳು. ಇನ್ನು ಬೈಗುಳದ ಮಳೆ ಎಂದುಕೊಂಡೆ. ಅವಳು ಸೀದಾ ಏಣಿ ಹತ್ತಿದಳು. ಅರ್ಧದಲ್ಲೇ ನಿಂತು ತಾರಸಿಯ ಮೇಲೆ ಇಣುಕಿದಳು. ಬಹಳ ಹೊತ್ತು ಇಣುಕಿದಳು.

"ಅಯ್ಯೋ ಮಾದಪ್ಪಾ! ಲೇ, ಬಂದು ನೋಡ್ರಿ."

ನಾನೂ ಹತ್ತಿದೆ. ಪರಿಮಳ, ಸಸಿ ಬೆಳೆಸುವ ಒಟ್ಲು ಪಾತಿ ಕಟ್ಟುವ ಹಾಗೆಯೇ ತಾರಸಿಯನ್ನು ಚೌಕಚೌಕವಾಗಿ ಬದು ಹಾಕಿ ನೀರು ನಿಲ್ಲಿಸಿದ್ದಳು. ಬದುವಿಗೆ ಯಾರದೋ ಹೊಲದ ಮಣ್ಣು ತಂದಿದ್ದಳು. ಅದರಲ್ಲಿದ್ದ ರಾಗಿ ಮೊಳೆತು, ಪುಟ್ಟ ಹಸಿರು ಎಲೆಗಳು ಮನೆಯ ನೆತ್ತಿಯ ಮೇಲೆ ಅಲ್ಲಾಡುತ್ತಿದ್ದವು.

"ಮನೆ ಕಟ್ಸು ಅಂತ ಸರ್ಕಾರ ಕೊಟ್ರ ಇವ್ಳು ಒಲ ಮಾಡವ್ಳ!" ಎಂದು ಶಿವಮಲ್ಲಮ್ಮ ನಗಲು ಶುರುಮಾಡಿದಳು. ಅಳುತ್ತಿದ್ದ ಪರಿಮಳಳಿಗೂ ನಗು ಬಂತು. "ಇನ್ನೆಷ್ಟು ದಿನ ಬೇಕಮ್ಮಿ?" ಎಂದಳು ಶಿವಮಲ್ಲಮ್ಮ.

"ನಾಕು, ಅಕ್ಕಾ."

"ಚನ್ನಯ್ಯ, ಸಂಜೆ ಇವ್ರು ಕೂಲಿಯಿಂದ ಬಂದ್ಮೇಲ ಕೆಳಬೀದಿಗ ಇನ್ನರ್ಧ ಗಂಟೆ ಬುಡ್ಲಾ. ನಮ್ಮ ಬೀದಿ ಎಂಗಸ್ರಿಗ ನಾ ಏಳ್ಕತೀನಿ. ಈಗ ಮೊದಲು ನನ್ನೆಮ್ಮೆಗ ಬುಡು."

ಚನ್ನಯ್ಯ ನಮ್ಮೆಲ್ಲರ ಮುಂದೆ ಗುಂಡಿಯವರೆಗೆ ನಡೆದ. ಅಲ್ಲಿ ನಿಂತು, ಕೀಲಿ ಹಿಡಿದಿದ್ದ ಪರಿಮಳಳ ಕಡೆ ನೋಡಿದ. "ನೀನೇ ಕಟ್ಟವ್ವ." ಅವಳು ಬಗ್ಗಿ ತನ್ನ ಬೀದಿಯ ನೀರನ್ನು ತಾನೇ ಕಟ್ಟಿದಳು, ಮೇಲ್ಬೀದಿಯದನ್ನು ಬಿಟ್ಟಳು. ಪೈಪಿನೊಳಗೆ ಗಾಳಿ ಗೊರಗುಟ್ಟಿ, ಮೇಲೆಲ್ಲೋ ಬಿಂದಿಗೆಗಳ ಸದ್ದೆದ್ದಿತು.

ಶುಕ್ರವಾರ ತಲೈವರು ಬಂದರು. ಖಾಕಿ ಅಂಗಿ ತೊಟ್ಟು ನಿಂತಿದ್ದ ಚನ್ನಯ್ಯನ ಕೈಯಲ್ಲಿ ಕೀಲಿ ಕಂಡು, "ಎಲ್ಲಿ ಸಿಕ್ತು? ಯಾರು ಕದ್ದಿದ್ದು?" ಎಂದರು.

ಮಹದೇವಪ್ಪ ಸುಣ್ಣದ ಡಬ್ಬಿ ಹುಡುಕತೊಡಗಿದ. ನಾನು ಸೂಜಿಗೆ ದಾರ ಪೋಣಿಸಿದೆ.

"ಸಿಕ್ತಲ್ಲ ಬುಡಿ," ಎಂದಳು ಶಿವಮಲ್ಲಮ್ಮ. "ಅದಿರ್ಲಿ, ಬರ್ಕಳ್ಳಿ. ಕೆಳಬೀದೀಲಿ ಈ ವರ್ಸ ಇನ್ನೂ ಅನ್ನೆರಡು ತಾರಸಿ ಆಕ್ತರ. ಒಂದ್ ಕೊಳಾಯಿ ಸಾಲಾಕಿಲ್ಲ. ಇನ್ನೊಂದು ಬೇಕು."

ತಲೈವರು ಜೇಬು ತಡವಿದರು. ಪೆನ್ನಿರಲಿಲ್ಲ. ಬಟ್ಟೆಗೆ ಗುರುತು ಹಾಕುವ ನನ್ನ ಪೆನ್ಸಿಲನ್ನು ಚನ್ನಯ್ಯನೇ ಎತ್ತಿಕೊಟ್ಟ.