ಅಜ್ಜಿಯ ಕೋಣೆಯಲ್ಲಿ ಕತ್ತರಿ ಇಲ್ಲ

ಶಹನಾ ನಮ್ಮ ಸುಳ್ಯದ ಮನೆಗೆ ಬಂದಾಗ ನನ್ನ ಹೆಂಡತಿ ಕಮಲಾವತಿ ದೋಸೆ ಹುಯ್ಯುತ್ತಿದ್ದಳು. ಪೊಲೀಸ್ ಪತ್ತೆದಳದಿಂದ ನಿವೃತ್ತಳಾದ ಮೇಲೂ ಅವಳನ್ನು ಜನ ಹುಡುಕಿಕೊಂಡು ಬರುತ್ತಿದ್ದರು. ಜೊತೆಗೆ ಹೋಗುವುದು ನನ್ನ ಕೆಲಸವಾಗಿತ್ತು.

"ಅಕ್ಕ, ನಮ್ಮ ಗೇಮಿನಿಂದ ಕತ್ತರಿ ಕಾಣೆಯಾಗಿದೆ," ಎಂದಳು ಶಹನಾ.

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

ಅವಳು ಮೂವರನ್ನು ಇಟ್ಟುಕೊಂಡು ಒಂದು ಕಂಪ್ಯೂಟರ್ ಗೇಮ್ ಮಾಡಿದ್ದಳು. ಸಾಮಾನು ತುಂಬಿದ ಕೋಣೆಗಳ ಚಿತ್ರದಲ್ಲಿ ಅಡಗಿರುವ ಗುಂಡಿ, ನೂಲು, ಮಣಿಗಳನ್ನು ಹುಡುಕಬೇಕು. ಸಿಕ್ಕಿದ್ದರಿಂದ ಗೊಂಬೆಯೋ ಚೀಲವೋ ತಯಾರಿಸಬೇಕು. ಕೊನೆಯ ಕೋಣೆ ಅವಳ ತೀರಿಹೋದ ಅಜ್ಜಿ ಪಾತು ಅವರದು. ಅಲ್ಲಿ ಮಂಚದ ಮೇಲೆ, ಬಟ್ಟೆ ತುಂಡುಗಳನ್ನು ಸೇರಿಸಿ ಹೊಲಿದ ಹೊದಿಕೆಯೊಂದಿತ್ತು. ಕತ್ತರಿ ಹುಡುಕಿ, ಆ ಹೊದಿಕೆಯನ್ನು ಕತ್ತರಿಸಿ ಚೀಲ ಹೊಲಿದರೆ ಆಟ ಮುಗಿಯುತ್ತಿತ್ತು. ಮರುದಿನ ಬಿಡುಗಡೆ. ಅಷ್ಟರಲ್ಲಿ ಯಾರೋ ಕತ್ತರಿಯನ್ನು ಚಿತ್ರದಿಂದ ಅಳಿಸಿದ್ದರು.

"ಹಳೆಯ ಪ್ರತಿ ಉಂಟು, ಸರಿ ಮಾಡ್ಬಹುದು. ಆದ್ರೆ ನಿನ್ನೆ ಮಧ್ಯಾಹ್ನ ಅದನ್ನು ಅಳಿಸಿದ್ದು ಭವಿತ್‌ನ ಕಂಪ್ಯೂಟರಿನಿಂದ. ಚಿತ್ರ ಬಿಡಿಸುದು ಅವನೇ. ಗೇಮಿನಲ್ಲಿ ತನ್ನ ಹೆಸರು ದೊಡ್ಡದಾಗಿ ಹಾಕ್ಬೇಕು ಅಂತ ಮೊನ್ನೆ ಜಗಳ ಮಾಡಿದ್ದ. ಇವತ್ತು ಅವನನ್ನು ಕೆಲಸದಿಂದ ತೆಗೀತೇನೆ."

"ಮತ್ತೆ ನನ್ನ ಹತ್ತಿರ ಯಾಕೆ ಬಂದದ್ದು?" ಎಂದಳು ಕಮಲಾವತಿ.

ಶಹನಾ ತಲೆ ತಗ್ಗಿಸಿದಳು. "ತಾನು ಮಾಡಿಲ್ಲ ಅಂತ ಅಳ್ತಾ ಇದ್ದಾನೆ."

ಅವರ ಕಚೇರಿ ಪೇಟೆಯ ಬಟ್ಟೆಯಂಗಡಿಯೊಂದರ ಮಾಳಿಗೆಯಲ್ಲಿತ್ತು. ಊಟದ ಹೊತ್ತಿಗೆ ಕಂಪ್ಯೂಟರುಗಳನ್ನು ಯಾರೂ ಲಾಕ್ ಮಾಡಿ ಹೋಗುವುದಿಲ್ಲ ಎಂದು ತಿಳಿಯಿತು. ಹಾಗಾದರೆ ಯಾರು ಬೇಕಾದರೂ ಕೈಹಾಕಬಹುದಿತ್ತು. ಕಮಲಾವತಿ ತಿದ್ದಿದ ಚಿತ್ರವನ್ನು ನೋಡಿದಳು. ಕತ್ತರಿ ಇದ್ದ ಜಾಗದಲ್ಲಿ ಈಗ ಹೊದಿಕೆಯ ಹೂವಿನ ಬಟ್ಟೆ, ಅದರ ಮೇಲೊಂದು ಸಣ್ಣ ಹಸಿರು ತೇಪೆ.

"ಇದನ್ನು ಎಂತ ನೋಡಿ ಬಿಡಿಸಿದ್ದು?"

"ಅಜ್ಜಿಯ ಕೋಣೆಯ ಫೋಟೋ," ಎಂದಳು ಶಹನಾ. "ನಾನು ಬೆಳೆದದ್ದು ದುಬೈಯಲ್ಲಿ, ಆ ಕೋಣೆಯನ್ನು ಫೋಟೋದಲ್ಲಿ ಮಾತ್ರ ನೋಡಿದ್ದು. ಅಜ್ಜಿಯ ಜೊತೆ ಇದ್ದದ್ದು ಇವಳು, ನನ್ನ ಚಿಕ್ಕಮ್ಮನ ಮಗಳು ಜಸೀನಾ. ಚಿತ್ರಗಳಿಗೆ ಬಣ್ಣ ತುಂಬುದು ಇವಳೇ. ಹಾರಿಸ್ ಪ್ರೋಗ್ರಾಂ ಬರೆಯುದು, ಕೊಯಿಲ ಅಂತ ಬೇರೆ ಊರಿನವ."

ಕಮಲಾವತಿ ಫೋಟೋವನ್ನು ದೊಡ್ಡದು ಮಾಡಿಸಿ ನೋಡಿದಳು. ಅದರಲ್ಲೂ ಕತ್ತರಿ ಹೊದಿಕೆಯ ಮೇಲೆ ಅದೇ ಜಾಗದಲ್ಲಿತ್ತು. ಆಮೇಲೆ ನಾಲ್ವರನ್ನೂ ಕುರ್ಚಿ ಎಳೆದು ಕೂರಲು ಹೇಳಿದಳು.

"ಭವಿತ್ ನೋಡಿದ್ದು ಫೋಟೋ ಮಾತ್ರ. ಶಹನಾಳೂ ಹಾಗೆ, ಹಾರಿಸನೂ ಹಾಗೆ. ಫೋಟೋದಲ್ಲಿ ಕತ್ತರಿಯ ಅಡಿಗೆ ಎಂತ ಉಂಟು ಅಂತ ಇವರಿಗೆ ಗೊತ್ತಿರ್ಲಿಕ್ಕಿಲ್ಲ. ಇವರಲ್ಲಿ ಯಾರು ಅಳಿಸಿದ್ರೂ ಸುತ್ತಲಿನ ಹೂವನ್ನೇ ಮುಂದುವರಿಸ್ತಿದ್ರು. ಇಲ್ಲದ ತೇಪೆಯನ್ನು ಹುಟ್ಟಿಸುವ ಕೆಲಸ ಯಾರಿಗೆ ಬೇಕಿತ್ತು? ಹೊದಿಕೆಯನ್ನು ಹೊದ್ದು ಮಲಗಿದವರ ಕೈ ಮಾತ್ರ ತೇಪೆ ಇದ್ದಲ್ಲಿ ತೇಪೆ ಹಾಕ್ತದೆ." ಅವಳು ಜಸೀನಾಳ ಕಡೆ ತಿರುಗಿದಳು. "ಬಣ್ಣ ತುಂಬಲಿಕ್ಕೂ ನಿಂಗೆ ಬರ್ತದೆ. ಯಾಕೆ ಅಳಿಸಿದ್ದು ಮಗಾ?"

ಜಸೀನಾ ಪರದೆಯ ಮೇಲಿನ ತೇಪೆಯನ್ನು ಬೆರಳಿನಿಂದ ಮುಟ್ಟಿದಳು.

"ಆ ಹೊದಿಕೆಗೆ ಇಸ್ತ್ರಿಪೆಟ್ಟಿಗೆಯ ತುದಿ ತಾಗಿಸಿ ಸುಟ್ಟದ್ದು ನಾನು. ಅಜ್ಜಿ ಬಯ್ಯಲಿಲ್ಲ, ತನ್ನ ಹಸಿರು ರವಕೆ ಹರಿದು ತೇಪೆ ಹಾಕಿದ್ರು. ಆಟ ಸರಿ ಉಂಟಾ ನೋಡ್ಲಿಕ್ಕೆ ಅಂತ ದಿನಾ ಅದನ್ನು ಕತ್ತರಿಸ್ಬೇಕಿತ್ತು ನಾನು. ಬೇಡ ಅಂತ ಎರಡು ಸಲ ಹೇಳಿದೆ. ಶಹನಾ ನಗಾಡಿದಳು."

"ಹೇಳಿದ್ದಳು," ಎಂದಳು ಶಹನಾ ಮೆಲ್ಲಗೆ. "ತಮಾಷೆ ಅಂತ ತಿಳ್ಕೊಂಡಿದ್ದೆ."

"ಭವಿತ್‌ನ ಮೇಲೆ ಬರ್ತದೆ ಅಂತ ಗೊತ್ತಿರ್ಲಿಲ್ಲ, ಚಿತ್ರ ಇದ್ದದ್ದು ಅವನ ಕಂಪ್ಯೂಟರಿನಲ್ಲಿ ಅಂತ ಅಲ್ಲಿ ಕೂತದ್ದು. ಬಂದ ಮೇಲೆ ಬಾಯಿ ಬಿಡ್ಲಿಕ್ಕೆ ಹೆದರಿಕೆಯಾಯ್ತು," ಎಂದು ಜಸೀನಾ ಅತ್ತಳು.

ಬಿಡುಗಡೆಯನ್ನು ಒಂದು ವಾರ ಮುಂದೆ ಹಾಕುವುದು, ಕತ್ತರಿಯ ಬದಲು ಸೂಜಿ ಹುಡುಕಿ ಹೊದಿಕೆಗೆ ತೇಪೆ ಹಾಕುವಂತೆ ಆಟವನ್ನು ಬದಲಿಸುವುದು ಎಂದು ಅಲ್ಲೇ ತೀರ್ಮಾನವಾಯಿತು. ಅದಕ್ಕೆ ಎಷ್ಟು ಕೆಲಸವಾದೀತೆಂದು ಹಾರಿಸ್ ಲೆಕ್ಕ ಹಾಕತೊಡಗಿದ. ಶಹನಾ ಭವಿತ್‌ನ ಹತ್ತಿರ ಹೋಗಿ, "ತಪ್ಪಾಯ್ತು ಮಾರಾಯ," ಎಂದಳು.

ಭವಿತ್ ಎದ್ದು ನಿಂತ. "ನನಗೆ ಹೇಳಿದ್ದು ಸಾಕು. ನಿನ್ನೆ ಅರಂತೋಡಿನ ನಮ್ಮ ಮನೆಗೆ ಫೋನ್ ಮಾಡಿ ಅಪ್ಪನ ಹತ್ತಿರ, ನಿಮ್ಮ ಮಗನನ್ನು ನಂಬಲಿಕ್ಕಾಗುದಿಲ್ಲ ಅಂದ್ರಲ್ಲ. ಅವರು ರಾತ್ರಿ ಊಟ ಮಾಡ್ಲಿಲ್ಲ."

ಶಹನಾ ಫೋನ್ ತೆಗೆದು ಅವನ ಅಪ್ಪನಿಗೆ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಅತ್ತ ಕಡೆಯಿಂದ "ಹಲೋ" ಎಂಬ ಮುದಿ ಧ್ವನಿ ಬಂತು. ಶಹನಾ ಬಾಯಿ ತೆರೆಯುವ ಮೊದಲೇ ಜಸೀನಾ ಮುಂದೆ ಬಂದು ಫೋನಿನ ಕಡೆ ಬಾಗಿದಳು.

"ನಾನು ಜಸೀನಾ, ಮಾವ. ಮಾಡಿದ್ದು ನಾನು."