ಕೊಯ್ದ ಹಾಸು

ರಂಜನಾ ಒಳಗೆ ಬಂದಾಗ ಮನೋಹರ ಮಗ್ಗದ ಮುಂದೆ ತಲೆ ತಗ್ಗಿಸಿ ಕೂತಿದ್ದ. ಎಳೆ ಪೋಣಿಸುವ ಹಣಿಗೆ ಬರಿದಾಗಿತ್ತು. ಉದ್ದೆಳೆಗಳ ಹಳೆ ಹಾಸನ್ನು ತುದಿ ಸಹಿತ ಕೊಯ್ದು ಹಾಕಿದ್ದ.

ಬೆಟಗೇರಿಯ ಆ ಓಣಿಯಲ್ಲಿ ಮಗ್ಗ ಮುಚ್ಚುವವರು ಮಾತ್ರ ಹಾಗೆ ಮಾಡುತ್ತಾರೆ. ತುದಿ ಉಳಿದರೆ ತಾನೇ ಹೊಸ ಹಾಸಿನ ಎಳೆಗಳನ್ನು ಅದಕ್ಕೆ ಒಂದೊಂದಾಗಿ ಹೊಸೆದು ಕೆಚ್ಚುವುದು? ಓಣಿಗೆಲ್ಲ ಆ ಕೆಲಸ ರಂಜನಾಳದೇ. ಕೆಚ್ಚುತ್ತ ಕೆಚ್ಚುತ್ತ ಅವಳು ಮನೋಹರನನ್ನು ಕಳ್ಳಗಣ್ಣಿನಿಂದ ನೋಡುವಳು.

"ಎಳಿ ನೋಡು, ನನ್ನಲ್ಲ," ಎನ್ನುತ್ತಿದ್ದ ಮನೋಹರ.

"ನೀ ನೋಡಿದ್ದಕ್ಕನ ಗೊತ್ತಾತಲ್ಲ," ಎನ್ನುತ್ತಿದ್ದಳು.

ಈಗ ಆ ನಗೆ ಇರಲಿಲ್ಲ. ದಿಲ್ಲಿಯ ಆರ್ಥಿಕ ಶೃಂಗಸಭೆಗೆ ಬರುವ ದೊಡ್ಡ ದೇಶಗಳ ನಾಯಕರಿಗೆಂದು ಹನ್ನೆರಡು ಶಾಲು ನೇಯಲು ಅವನಿಗೆ ಹೇಳಿದ್ದರು. ಹನ್ನೊಂದು ಶಾಲಿಗೇ ಹಾಸು ಮುಗಿಯಿತು, ಅಂದೇ ಅವನ ತಾಯಿ ಅನ್ನವ್ವ ತೀರಿಕೊಂಡಳು. ಮೂರನೆಯ ದಿನ ಮನೋಹರ ಹೊಸ ಹಾಸು ಕೆಚ್ಚಲು ಕರೆದರೆ ರಂಜನಾ, "ಸೂತಕದಾಗ ನಾ ಮಗ್ಗ ಮುಟ್ಟೂದಿಲ್ಲ," ಎಂದಳು. ಹನ್ನೆರಡು ತುಂಬಲಿಲ್ಲವೆಂದು ಅವನ ಶಾಲುಗಳನ್ನು ಒಯ್ಯಲೇ ಇಲ್ಲ. ಸೂತಕ ಕಳೆಯುವಷ್ಟರಲ್ಲಿ ನಾಯಕರು ಬೇರೆ ಯಾರದೋ ಶಾಲು ಹೊದ್ದು ವಿಮಾನ ಹತ್ತಿದ್ದನ್ನು ಓಣಿಯೆಲ್ಲ ಟಿವಿಯಲ್ಲಿ ನೋಡಿತು.

"ಯಾಕ ಕೊಯ್ದಿ?"

"ನೀ ಇನ್ನ ಬರೂದು ಬ್ಯಾಡಂತ."

ರಂಜನಾ ಬರಿದಾದ ಹಣಿಗೆಯ ಮೇಲೆ ಬೆರಳಾಡಿಸಿದಳು. "ಸಿಟ್ಟು ನನ್ನ ಮ್ಯಾಲ. ಮಗ್ಗ ಏನ್ ಮಾಡಿತ್ತು?"

"ಸಿಟ್ಟಲ್ಲ." ಅವನು ಕೊಯ್ದ ಎಳೆಗಳನ್ನು ಕಾಲಿನಿಂದ ಬದಿಗೆ ಸರಿಸಿದ. "ನೀ ತಡೀದಿದ್ರ ನಾ ನೇಯ್ತಿದ್ದೆ. ಅವ್ವ ಹೋಗಿ ಮೂರು ದಿನ ಆಗಿತ್ತಷ್ಟ. ಅಂಥಾವ ನಿನಗ ಹ್ಯಾಂಗ ಮಾರಿ ತೋರಸ್ಲಿ?"

ಇಷ್ಟು ದಿನ ಅವನು ತನ್ನನ್ನು ದ್ವೇಷಿಸುತ್ತಾನೆಂದು ಅವಳು ಅತ್ತಿದ್ದಳು. ಅವನು ನಾಚಿ ಸಾಯುತ್ತಿದ್ದ.

ಮೂಲೆಯಲ್ಲಿ ಹೊಸ ಹಾಸು ಸುತ್ತಿಟ್ಟಲ್ಲೇ ಇತ್ತು. ಹಳೆಯ ತುದಿಯಿಲ್ಲದೆ ಇನ್ನು ಕೆಚ್ಚಲು ಬರುವುದಿಲ್ಲ. ಎರಡು ಸಾವಿರ ಎಳೆಗಳನ್ನು ಹಣಿಗೆಯಲ್ಲಿ ಒಂದೊಂದಾಗಿ ಪೋಣಿಸಬೇಕು. ಒಬ್ಬರು ಆಚೆಯಿಂದ ಕೊಟ್ಟರೆ ಇನ್ನೊಬ್ಬರು ಈಚೆ ಎಳೆದುಕೊಳ್ಳಬೇಕು. ರಂಜನಾ ಹಾಸನ್ನು ಎತ್ತಿ ತಂದು ಆಚೆ ಕಡೆ ಕೂತಳು.

"ಅಲ್ಲಿ ಅವ್ವ ಕುಂಡ್ರತಿದ್ಲು," ಎಂದ ಮನೋಹರ.

"ಗೊತ್ತೈತಿ."

"ನಾಕೈದು ದಿನ ಹಿಡೀತೈತಿ. ಮಂದಿ ಏನಂದಾರು?"

"ಅನ್ನಲಿ. ಅವ್ವನ ವರ್ಷದ ಕಾರ್ಯ ಆದ ಮ್ಯಾಲ ಅವ್ರ ಬಂದು ನಮ್ಮಿಬ್ಬರ ತಲಿ ಮ್ಯಾಲ ಅಕ್ಕಿಕಾಳು ಹಾಕ್ತಾರ."

ಮನೋಹರ ಆಗ ಅತ್ತ. ತಾಯಿ ಸತ್ತ ದಿನವೂ ಅತ್ತಿರಲಿಲ್ಲ. ಅವಳು ಮೊದಲ ಎಳೆಯನ್ನು ಹಣಿಗೆಯೊಳಗಿಂದ ಚಾಚಿ ಕಾದಳು. ಅವನು ಕಣ್ಣೊರೆಸಿಕೊಂಡು ಅದರ ತುದಿ ಹಿಡಿದ.

ರಂಜನಾ ಅವನನ್ನೇ ನೋಡುತ್ತಿದ್ದಳು. ಎಳೆ ನೋಡು ಎಂದು ಅವನು ಅನ್ನಲಿಲ್ಲ.