ಡೀಸೆಲ್ ಪಂಪಿನ ಮೇಲಿನ ವಿಭೂತಿ

ಈ ಮನೆಗೆ ಬಂದರೆ ಉಣ್ಣದೆ ಹೋಗುವುದಿಲ್ಲ ಎಂದು ಅಮರೇಶ ಹತ್ತೊಂಬತ್ತು ವರ್ಷಗಳ ಹಿಂದೆ ಪಾರ್ವತೆವ್ವನಿಗೆ ಮಾತು ಕೊಟ್ಟಿದ್ದ. ಆಗ ಅವನು ಆಕೆಯ ಬೇಸ್‌ಮೆಂಟಿನ ಬಾಡಿಗೆದಾರ; ಈಗ ಆ ಪರದೇಶದ ಊರು ಬೋಲ್ಟನ್ನಿನ ಠಾಣೆಯ ಇನ್ಸ್‌ಪೆಕ್ಟರ್.

ಮಂಗಳವಾರ ಬೆಳಿಗ್ಗೆ 8:40ಕ್ಕೆ ದೂರು ದಾಖಲಾಯಿತು. ತೈಲ ಡಿಪೋಗಳನ್ನು ಸಾರ್ವಜನಿಕ ಒಡೆತನಕ್ಕೆ ತರುತ್ತೇವೆಂದ ಎಡಪಂಥೀಯ ಸರಕಾರವನ್ನು ಉರುಳಿಸಲೆಂದು ಮಾಲೀಕರು ಮುಷ್ಕರ ಹೂಡಿ ಒಂಬತ್ತು ದಿನವಾಗಿತ್ತು. ಆಂಬುಲೆನ್ಸುಗಳಿಗಾದರೂ ಡೀಸೆಲ್ ಬಿಡಿ ಎಂಬ ಸರಕಾರಿ ಆದೇಶ ಹಿಡಿದು ಡಿಪೋಗೆ ಹೋದ ಅಧಿಕಾರಿ ಮೇಧಾಗೆ ಸಿಕ್ಕಿದ್ದು ಸತ್ತ ಪಂಪು. ಅದನ್ನು ನಡೆಸುವ ಒಳಗಿನ ಕಂಟ್ರೋಲ್ ಕಾರ್ಡೇ ಮಾಯ.

"ಆಂಬುಲೆನ್ಸುಗಳ ಹತ್ತಿರ ಇರೋ ಡೀಸೆಲ್ ಇವತ್ತು ಸಂಜೆವರೆಗೆ ಮಾತ್ರ ಸರ್," ಎಂದಳು ಆಕೆ.

9:30ಕ್ಕೆ ಪಂಚನಾಮೆ. ಬೀಗ ಒಡೆದಿಲ್ಲ, ತಂತಿ ಕತ್ತರಿಸಿಲ್ಲ. ಬಿಚ್ಚಿದ ನಾಲ್ಕು ಸ್ಕ್ರೂಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಮುಚ್ಚಳದ ಮೇಲೆ ಮೂರು ಬಿಳಿ ಗೆರೆ.

"ಕೊಕೇನಾ ಸರ್?" ಕಾನ್‌ಸ್ಟೆಬಲ್ ನೀನಾ ಕೈಗವಸು ಹಾಕಿಕೊಂಡಳು.

"ವಿಭೂತಿ."

ಅಮರೇಶನಿಗೆ ಬಂದ ನಗು ಅರ್ಧಕ್ಕೇ ನಿಂತಿತು. ಬೇಸ್‌ಮೆಂಟಿನ ಮನೆ ಬೆಚ್ಚಗಿಡುವ ಫರ್ನೇಸಿನ ರಿಪೇರಿಗೆ ಮೊದಲೂ ಇದೇ ಗೆರೆ ಎಳೆಯುತ್ತಿದ್ದವನು ಪಾರ್ವತೆವ್ವನ ಗಂಡ ಬಸವಂತಪ್ಪ, ಇದೇ ಡಿಪೋದ ಮೆಕ್ಯಾನಿಕ್. ಕದಿಯುವಾಗಲೂ ರೂಢಿ ಬಿಟ್ಟಿರಲಿಲ್ಲ. ಆದರೆ ಕೆಡಿಸಲು ಬಂದವನು ಸ್ಕ್ರೂ ಜೋಡಿಸಿಡುವುದೇಕೆ?

ಶಂಕಿತ ತನ್ನ ಪರಿಚಯದವನೆಂದು ಮೇಲಧಿಕಾರಿಗೆ ತಿಳಿಸಿದ. "ಬಂಧನ ನೀನಾ ಮಾಡಲಿ, ನೀನು ಜೊತೆಗಿರು," ಎಂದರು.

11:15. ಪಾರ್ವತೆವ್ವ ಬಾಗಿಲು ತೆಗೆದಳು. "ಸಾಹೇಬ ಆದ ಮ್ಯಾಲೆ ಹಾದಿ ಮರ್ತಿದ್ದೇನೋ? ರೊಟ್ಟಿ ಬಡ್ಯಾಕತ್ತೀನಿ, ಕೂಡು."

ಅಮರೇಶ ಕೂರಲಿಲ್ಲ. "ಕಾಕಾ, ಕಾರ್ಡ್ ಎಲ್ಲಿ?"

ಬಸವಂತಪ್ಪ ದೇವರ ಜಗಲಿಯಿಂದ ಅರಿವೆಯಲ್ಲಿ ಸುತ್ತಿದ ಕಾರ್ಡ್ ತಂದಿಟ್ಟ.

"ಯಾರು ಹೇಳಿದ್ರು?"

"ಮಾಲಕ. ಸರಕಾರ ಬೀಳೂತನಕ ಪಂಪ್ ಏಳಬಾರದು, ಸುತ್ತಿಗೀಲೆ ಒಡಿ ಅಂದ. ಇಲ್ಲಂದ್ರ ಡಿಪೋಕ್ಕ ಕಾಯಂ ಬೀಗ ಅಂದ."

"ಮತ್ಯಾಕ ಒಡೀಲಿಲ್ಲ?"

"ನಾನs ಜೋಡಿಸಿದ ಪಂಪದು. ಒಡ್ಯಾಕ ಕೈ ಬರ್ಲಿಲ್ಲೋ."

"ಆಂಬುಲೆನ್ಸು, ಕಾಕಾ?"

ಮುದುಕ ತಲೆ ತಗ್ಗಿಸಿದ. "ಲಗೂ ಒಯ್ಯಿ. ನಾಕು ಸ್ಕ್ರೂ, ಹತ್ತು ಮಿನಿಟಿನ ಕೆಲಸ."

ನೀನಾ ಹಕ್ಕುಗಳನ್ನು ಓದಿ ಹೇಳಿ ಬಂಧಿಸಿದಳು. ಮಾಲೀಕನ ಹೆಸರೂ ಹೇಳಿಕೆಯಲ್ಲಿ ದಾಖಲಾಯಿತು. ಪ್ರೇರಣೆ ಎಂಬಲ್ಲಿ ಆಕೆ ಬರೆದದ್ದು ಇಷ್ಟು: ಇಪ್ಪತ್ತಾರು ವರ್ಷ ದುಡಿದ ಡಿಪೋ ಮುಚ್ಚೀತೆಂಬ ಭಯ.

ಪಾರ್ವತೆವ್ವ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಒಂದs ರೊಟ್ಟಿ, ಅಮರೇಶಾ."

ಅಮರೇಶ ಉಣ್ಣದೆ ಹೋದ.